ನಾಲ್ಕು ಕೋಲು, ಒಂದೇ ದೂರ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾನು ಟೋಪಿ ಹಾಕಿಕೊಂಡು ಹೊರಟರೆ ನಮ್ಮ ಮನೆಯವಳು ಅಡುಗೆಮನೆಯಿಂದಲೇ ಕೇಳುತ್ತಾಳೆ: "ಏನ್ರೀ, ಕ್ಲಬ್ಬಿಗೆ ಹೊರಟಿರಾ?"

ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ 'ಕ್ಲಬ್ಬಿಗೆ ಹೋಗುವವನು' ಎಂದರೆ ಇಸ್ಪೀಟಿನಲ್ಲಿ ಹೊಲ ಕಳೆದವನು ಎಂದೇ ಅರ್ಥ. ಮಂಡ್ಯ ಜಿಲ್ಲೆಯ ಹೈಸ್ಕೂಲುಗಳಲ್ಲಿ 34 ವರ್ಷ ಗಣಿತ ಹೇಳಿಕೊಟ್ಟು, ಒಂದು ದಿನವೂ ಇಸ್ಪೀಟು ಮುಟ್ಟದ ನಾನು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಈ ಮಾತು ಕೇಳಬೇಕಾಗಿ ಬಂದದ್ದು ಮೊಮ್ಮಗಳು ಪುಟ್ಟಿಯಿಂದ. ಅವಳು ಎಂಟನೇ ತರಗತಿ. ಬೆಂಗಳೂರಿನಲ್ಲಿ ಮಗಳ ಮನೆಗೆ ನಾವು ಬಂದು ನೆಲೆಸಿದ ವರ್ಷವೇ ಅವಳಿಗೆ ಗಾಲ್ಫಿನ ಹುಚ್ಚು ಹತ್ತಿತು. ಅಪ್ಪ ಅಮ್ಮನಿಗೆ ಭಾನುವಾರವೂ ಬಿಡುವಿಲ್ಲ. ಹಾಗಾಗಿ ಚೀಲ ಹೊರುವ ಕೆಲಸ ತಾತನ ಪಾಲಿಗೆ ಬಂತು.

ಗಾಲ್ಫ್ ನಮಗೆ ದೂರದ ಆಟ ಎಂದುಕೊಂಡಿದ್ದೆ. ಆದರೆ ಬೆಂಗಳೂರಿನ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅಂದರೆ ಈ ಊರಿಗೆ ವಿದ್ಯುತ್ ದೀಪ ಬರುವ ಮೊದಲೇ ಇಲ್ಲಿ ಗಾಲ್ಫ್ ಚೆಂಡು ಹಾರಾಡುತ್ತಿತ್ತು. ಪುಟ್ಟಿ ಕಲಿಯುವುದು ಅಂಥ ದೊಡ್ಡ ಜಾಗದಲ್ಲಲ್ಲ, ಊರ ಹೊರಗಿನ ಒಂದು ಅಭ್ಯಾಸ ಮೈದಾನದಲ್ಲಿ. ಅದಕ್ಕೆ 'ಡ್ರೈವಿಂಗ್ ರೇಂಜ್' ಎನ್ನುತ್ತಾರೆ. ಅಲ್ಲಿ ಕಾರು ಕಲಿಸುವುದಿಲ್ಲ. ಬುಟ್ಟಿ ತುಂಬ ಚೆಂಡು ಕೊಡುತ್ತಾರೆ, ನಿಂತಲ್ಲೇ ನಿಂತು ಒಂದೊಂದಾಗಿ ಹೊಡೆಯಬೇಕು. ಎದುರಿನ ಹುಲ್ಲಿನಲ್ಲಿ 50, 75, 100 ಗಜ ಎಂದು ಬೋರ್ಡು ನೆಟ್ಟಿರುತ್ತಾರೆ.

ಹೊಡೆಯುವ ಕೋಲಿಗೂ ಇಂಗ್ಲಿಷಿನಲ್ಲಿ 'ಕ್ಲಬ್' ಎಂದೇ ಹೆಸರು. ನಮ್ಮ ಮನೆಯವಳ ಕಾಟ ತಪ್ಪಿಸಿಕೊಳ್ಳಲು ನಾವಿಬ್ಬರೂ ಅದನ್ನು 'ಕೋಲು' ಎಂದೇ ಕರೆಯುತ್ತೇವೆ. ಒಬ್ಬ ಆಟಗಾರ ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇಟ್ಟುಕೊಳ್ಳಬಹುದು. 1938–39ರ ಸುಮಾರಿಗೆ ಬಂದ ನಿಯಮ ಅದು. ಒಂದೇ ಚೆಂಡು ಹೊಡೆಯಲು ಇಷ್ಟೊಂದು ಯಾಕೆ? ಒಂದೊಂದು ಕೋಲು ಒಂದೊಂದು ದೂರಕ್ಕೆ. ಕಬ್ಬಿಣದ ತಲೆಯ ಕೋಲುಗಳ ಮೇಲೆ 4, 5, 6, 7, 8, 9 ಎಂದು ಅಂಕಿ ಇರುತ್ತದೆ. ಅಂಕಿ ಚಿಕ್ಕದಾದಷ್ಟೂ ಕೋಲು ಉದ್ದ, ಮುಖ ನೆಟ್ಟಗೆ, ಚೆಂಡು ತಗ್ಗಾಗಿ ದೂರಕ್ಕೆ. ಅಂಕಿ ದೊಡ್ಡದಾದಷ್ಟೂ ಕೋಲು ಗಿಡ್ಡ, ಮುಖ ಹೆಚ್ಚು ಓರೆ, ಚೆಂಡು ಎತ್ತರಕ್ಕೆ ಹಾರಿ ಹತ್ತಿರ ಬೀಳುತ್ತದೆ. ಈ ಓರೆಗೆ 'ಲಾಫ್ಟ್' ಎನ್ನುತ್ತಾರೆ. ಒಳ್ಳೆಯ ಆಟಗಾರರಿಗೆ ಒಂದು ಅಂಕಿಯಿಂದ ಇನ್ನೊಂದಕ್ಕೆ ಸುಮಾರು ಹತ್ತು ಗಜ ವ್ಯತ್ಯಾಸ, ಮೆಟ್ಟಿಲು ಕಟ್ಟಿದ ಹಾಗೆ.

ಪುಟ್ಟಿಯ ಚೀಲದಲ್ಲಿ ಮೆಟ್ಟಿಲೇ ಇರಲಿಲ್ಲ.

ನಾಲ್ಕನೇ ನಂಬರಿನಲ್ಲಿ ಹೊಡೆದರೂ ಚೆಂಡು 75ರ ಬೋರ್ಡಿನ ತುಸು ಆಚೆ. ಐದರಲ್ಲೂ ಅಲ್ಲಿಗೇ. ಆರು, ಏಳು, ಎಲ್ಲವೂ ಅದೇ ಜಾಗ. ಪಕ್ಕದಲ್ಲಿ ಅವಳಿಗಿಂತ ಒಂದು ವರ್ಷ ದೊಡ್ಡ ಹುಡುಗನೊಬ್ಬ ಏಳರಲ್ಲಿ ನೂರು, ಆರರಲ್ಲಿ ನೂರಹತ್ತು ಎಂದು ಕೂಗಿ ಹೇಳಿ ಹೊಡೆಯುತ್ತಿದ್ದ. ಪುಟ್ಟಿ ಅವನತ್ತ ನೋಡುವುದು, ಮತ್ತೆ ನಾಲ್ಕನೇ ನಂಬರ್ ತೆಗೆಯುವುದು, ಹಲ್ಲು ಕಚ್ಚಿ ಬೀಸುವುದು. ಚೆಂಡು ಮತ್ತೆ ಅಲ್ಲಿಗೇ.

ನಾನು ಹಿಂದೆ ಕುಳಿತು, ಮೇಷ್ಟರ ಬಾಯಿ ಸುಮ್ಮನಿರಬೇಕಲ್ಲ, "ಮನಸ್ಸಿಟ್ಟು ಹೊಡಿ ಪುಟ್ಟಿ, ಮನಸ್ಸಿಟ್ಟು" ಎಂದೆ. ಒಂದು ಸಲವಲ್ಲ, ಐದಾರು ಸಲ.

ಅವಳು ಕೋಲನ್ನು ಚೀಲಕ್ಕೆ ತುರುಕಿದಳು. "ನನಗೆ ಬರಲ್ಲ ತಾತ. ಯಾವ ಕೋಲು ಹಿಡಿದ್ರೂ ಅಷ್ಟೇ" ಎಂದಳು. ಮುಂದಿನ ಭಾನುವಾರ ಹೊಟ್ಟೆನೋವು ಎಂದು ಮಲಗಿದಳು. ಅದರ ಮುಂದಿನ ಭಾನುವಾರ ಹೊಟ್ಟೆನೋವಿನ ನೆಪವನ್ನೂ ಹೇಳಲಿಲ್ಲ.

'ಯಾವುದು ಹಿಡಿದರೂ ಅಷ್ಟೇ.' ಈ ಮಾತು ನಾನು ಹಿಂದೆಯೂ ಕೇಳಿದ್ದೆ. ಸುಮಾರು ಮೂವತ್ತು ವರ್ಷದ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದ. ಅಂಕಗಣಿತ, ಬೀಜಗಣಿತ, ರೇಖಾಗಣಿತ, ಯಾವ ಪರೀಕ್ಷೆ ಕೊಟ್ಟರೂ 35ರ ಆಸುಪಾಸು. ನಾನು ಅವನಿಗೂ ವರ್ಷಪೂರ್ತಿ "ಮನಸ್ಸಿಟ್ಟು ಓದೋ" ಎಂದೆ. ಮರುವರ್ಷ ಬೇರೆ ಮೇಷ್ಟರು ಅವನನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದರು. ಹುಡುಗನಿಗೆ ಕಪ್ಪು ಹಲಗೆಯೇ ಕಾಣುತ್ತಿರಲಿಲ್ಲ! ಕನ್ನಡಕ ಬಂತು, ಅಂಕವೂ ಬಂತು. ತಪ್ಪಾಯಿತು ಕಣೋ ಎಂದು ಹೇಳಬೇಕೆಂದು ನಾನು ಮನಸ್ಸು ಮಾಡುವಷ್ಟರಲ್ಲಿ ಅವನ ತಂದೆಗೆ ವರ್ಗವಾಗಿ ಅವರು ಊರು ಬಿಟ್ಟಿದ್ದರು. ಆ ಮಾತು ಇನ್ನೂ ನನ್ನ ಗಂಟಲಲ್ಲೇ ಇದೆ.

ಈ ಸಲ ಹಾಗಾಗಬಾರದು ಎನಿಸಿತು. ಬೈಯುವ ಮೊದಲು ಅಳೆಯಬೇಕಿತ್ತು. ತಡವಾಗಿಯಾದರೂ ಅಳೆಯೋಣ ಎಂದು ಪುಟ್ಟಿಯ ಹಳೆಯ ನೋಟ್‌ಬುಕ್ಕೊಂದರಲ್ಲಿ ಕೋಷ್ಟಕ ಎಳೆದು ಅವಳ ಮುಂದಿಟ್ಟೆ. "ಒಂದೇ ಒಂದು ದಿನ ಬಾ. ಚೆನ್ನಾಗಿ ಹೊಡೆಯೋಕಲ್ಲ, ಲೆಕ್ಕ ಬರೆಯೋಕೆ" ಎಂದೆ. ಬಂದಳು.

ಒಂದೊಂದು ಕೋಲಿನಲ್ಲಿ ಹತ್ತು ಚೆಂಡು. ಬಿದ್ದ ಜಾಗವನ್ನು ಬೋರ್ಡಿನಿಂದ ಕಣ್ಣಂದಾಜು ಮಾಡಿ ಬರೆದು ಸರಾಸರಿ ತೆಗೆದೆವು. ನಾಲ್ಕು: 79 ಗಜ. ಐದು: 82. ಆರು: 81. ಏಳು: 80. ಎಂಟು: 73. ಒಂಬತ್ತು: 64. "ನೋಡು, ಎಂಟು ಒಂಬತ್ತರಲ್ಲಿ ಮೆಟ್ಟಿಲಿದೆ. ತೊಂದರೆ ಮೇಲಿನ ನಾಲ್ಕರಲ್ಲಿ ಮಾತ್ರ" ಎಂದೆ. ಪುಟ್ಟಿಯ ಮುಖ ಸ್ವಲ್ಪ ಅರಳಿತು. ತಾನು ಇಡೀ ದಡ್ಡಿಯಲ್ಲ, ಅರ್ಧ ಮಾತ್ರ ಎಂದು ತಿಳಿದರೂ ಮಕ್ಕಳಿಗೆ ಸಮಾಧಾನ.

ಅಲ್ಲಿ ಕಲಿಸುವ ತರಬೇತುದಾರರು ಚಿಕ್ಕಂದಿನಲ್ಲಿ ಆಟಗಾರರ ಚೀಲ ಹೊತ್ತು, ನೋಡಿ ನೋಡಿಯೇ ಆಟ ಕಲಿತವರು. ನಮ್ಮ ಕೋಷ್ಟಕ ನೋಡಿ ನಕ್ಕು, "ಸಾರ್, ನಂಬರ್ ನೋಡ್ಬೇಡಿ, ಓರೆ ನೋಡಿ" ಎಂದರು.

ಮನೆಗೆ ಬಂದವನೇ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತೆಗೆದೆ. ಕೋಲನ್ನು ನೆಟ್ಟಗೆ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ತೂಗುಗುಂಡು ಮಾಡಿ, ಮುಖದ ಓರೆ ಅಳೆದೆವು. ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಇರಬಹುದು. ಆದರೂ ಬಂದ ಲೆಕ್ಕ ನೋಡಿ ನನ್ನ ಮುಖ ಸಣ್ಣದಾಯಿತು. ನಾಲ್ಕನೆಯದು 24 ಡಿಗ್ರಿ, ಐದನೆಯದು 28, ಆರನೆಯದು 25, ಏಳನೆಯದು 29!

ತಪ್ಪು ಯಾರದು ಗೊತ್ತೇ? ನನ್ನದೇ. ಆರರಿಂದ ಒಂಬತ್ತರವರೆಗಿನ ಕೋಲುಗಳನ್ನು ಅಳಿಯನ ಸ್ನೇಹಿತರೊಬ್ಬರು ಕೊಟ್ಟಿದ್ದರು. ಅವು ಇತ್ತೀಚಿನವು. ಚೀಲ ಪೂರ್ತಿಯಾಗಲಿ ಎಂದು ನಾಲ್ಕು, ಐದನ್ನು ನಾನು ಹಳೆಯ ಸಾಮಾನಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಅಗ್ಗಕ್ಕೆ ತಂದಿದ್ದೆ. ಅವು ಹಳೆಯ ಕಾಲದವು. ಯಾವ ಅಂಕಿಗೆ ಎಷ್ಟು ಓರೆ ಇರಬೇಕು ಎಂದು ಆಟದ ನಿಯಮ ಹೇಳುವುದೇ ಇಲ್ಲ, ಅದು ತಯಾರಕರ ಇಷ್ಟ. ನೂರು ವರ್ಷದ ಹಿಂದೆ ಅಂಕಿಯ ಬದಲು ಮ್ಯಾಷಿ, ನಿಬ್ಲಿಕ್ ಎಂಬಂಥ ಹೆಸರುಗಳೇ ಹೆಚ್ಚಾಗಿ ಇದ್ದವಂತೆ. ಈಚಿನ ಕೋಲುಗಳ ತಲೆಯಲ್ಲಿ ತೂಕವನ್ನು ಕೆಳಗೆ ಇಡುವುದರಿಂದ ಚೆಂಡು ಸುಲಭವಾಗಿ ಮೇಲೇಳುತ್ತದೆ. ಆ ಧೈರ್ಯದ ಮೇಲೆ ಓರೆಯನ್ನು ಕಡಿಮೆ ಮಾಡುತ್ತ ಬಂದಿದ್ದಾರೆ. 'ನನ್ನ ಏಳನೇ ನಂಬರ್ ಎಷ್ಟು ದೂರ ಹೋಯಿತು' ಎಂದು ಹೇಳಿಕೊಳ್ಳಲು ಯಾರಿಗೆ ಆಸೆಯಿಲ್ಲ! ಹೀಗೆ ಪುಟ್ಟಿಯ ಚೀಲದ ನಾಲ್ಕೂ ಆರೂ ಹೆಚ್ಚುಕಡಿಮೆ ಒಂದೇ, ಐದೂ ಏಳೂ ಒಂದೇ. ಅಂಕಿ ನಾಲ್ಕು, ಓರೆ ಎರಡು.

"ತಪ್ಪು ನಂದು ಕಣೇ" ಎಂದೆ. ಮೂವತ್ತು ವರ್ಷ ಗಂಟಲಲ್ಲಿದ್ದ ಮಾತಿನ ಒಂದು ತುಂಡು ಅಂದು ಹೊರಬಂತು.

ಪುಟ್ಟಿ ಬಿಡಲಿಲ್ಲ. "ಆದ್ರೂ ತಾತ, 25ಕ್ಕೂ 29ಕ್ಕೂ ನಾಲ್ಕು ಡಿಗ್ರಿ ವ್ಯತ್ಯಾಸ ಇದೆಯಲ್ಲ? ಆ ಅಣ್ಣನಿಗೆ ಅಷ್ಟಕ್ಕೇ ಹತ್ತು ಗಜ ಬರುತ್ತೆ, ನನಗೆ ಯಾಕೆ ಬರಲ್ಲ?"

ಒಳ್ಳೆಯ ಪ್ರಶ್ನೆ ಕೇಳುವ ಮಕ್ಕಳನ್ನು ಕಂಡರೆ ಮೇಷ್ಟರಿಗೆ ಹಬ್ಬ. ತಾರಸಿಗೆ ಹೋಗಿ ಗಿಡಕ್ಕೆ ನೀರು ಬಿಡುವ ಪೈಪು ಹಿಡಿದೆವು. ಮಕ್ಕಳೇ, ನೀವೂ ಮಾಡಿ ನೋಡಿ, ಅಮ್ಮನನ್ನು ಕೇಳಿ ಮಾಡಿ. ಪೈಪಿನ ಬಾಯನ್ನು ನೆಲದ ಹತ್ತಿರ ಹಿಡಿದು 45 ಡಿಗ್ರಿಗೆ ಎತ್ತಿ, ನೀರು ಬೀಳುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಅದು 10 ಅಡಿ ಎಂದಿಟ್ಟುಕೊಳ್ಳಿ. ಈಗ ಪೈಪನ್ನು 40 ಡಿಗ್ರಿಗೆ ಇಳಿಸಿ. ಲೆಕ್ಕದ ಪ್ರಕಾರ ನೀರು ಎರಡು ಅಂಗುಲ ಮಾತ್ರ ಹಿಂದೆ ಬೀಳಬೇಕು. 50ಕ್ಕೆ ಏರಿಸಿದರೂ ಅಷ್ಟೇ. ಆದರೆ 20ರಲ್ಲಿ ಹಿಡಿದರೆ ಸುಮಾರು ಆರೂವರೆ ಅಡಿ, 15ಕ್ಕೆ ಇಳಿಸಿದರೆ ಐದೇ ಅಡಿ. ಎರಡೂ ಕಡೆ ಐದೈದು ಡಿಗ್ರಿಯನ್ನೇ ಇಳಿಸಿದ್ದು. ಒಂದು ಕಡೆ ಎರಡು ಅಂಗುಲ ಹೋಯಿತು, ಇನ್ನೊಂದು ಕಡೆ ಒಂದೂವರೆ ಅಡಿಯಷ್ಟು ಹೋಯಿತು.

ಇದೇ ಗುಟ್ಟು. ಚಾಮುಂಡಿ ಬೆಟ್ಟ ಹತ್ತುವಾಗ ಮೆಟ್ಟಿಲು ಮೆಟ್ಟಿಲಿಗೂ ಎತ್ತರ ಬದಲಾಗುತ್ತದೆ. ಮೇಲೆ ದೇವಸ್ಥಾನದ ಅಂಗಳದಲ್ಲಿ ಹತ್ತು ಹೆಜ್ಜೆ ಆಚೀಚೆ ಹೋದರೂ ಎತ್ತರ ಅಷ್ಟೇ. ಅತಿ ಹೆಚ್ಚು ದೂರ ಕೊಡುವ ಕೋನದ ಸುತ್ತಮುತ್ತ ಅಂಥದೊಂದು ಸಮತಟ್ಟು ಇರುತ್ತದೆ. ಅಲ್ಲಿ ಕೋನ ಸ್ವಲ್ಪ ಬದಲಾದರೆ ದೂರ ಬದಲಾಗುವುದೇ ಇಲ್ಲ ಎನ್ನಬಹುದು.

ಗಾಲ್ಫ್ ಚೆಂಡು ನೀರಿನಂತಲ್ಲ. 46 ಗ್ರಾಮಿಗೂ ಸ್ವಲ್ಪ ಕಡಿಮೆ ತೂಗುವ ಆ ಚೆಂಡಿನ ಮೈತುಂಬ ಪಡ್ಡಿನ ಕಾವಲಿಯಂತೆ ಪುಟ್ಟ ಪುಟ್ಟ ಗುಳಿಗಳು, ಮುನ್ನೂರಕ್ಕೂ ಹೆಚ್ಚು. ಓರೆ ಮುಖ ತಾಗಿದಾಗ ಚೆಂಡು ಹಿಂದಕ್ಕೆ ತಿರುಗುತ್ತಲೇ ಮುಂದಕ್ಕೆ ಹಾರುತ್ತದೆ. ಆ ತಿರುಗಾಟದಿಂದ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಜೋರಾಗಿ ಬೀಸುವವರಿಗೆ ಓರೆ ಕಡಿಮೆಯಿದ್ದರೂ ಗಾಳಿಯೇ ಚೆಂಡನ್ನು ಹೊತ್ತು ಹೋಗುತ್ತದೆ. ಅವರ 'ಬೆಟ್ಟದ ನೆತ್ತಿ' ತೀರ ಕಡಿಮೆ ಓರೆಯ ಕೋಲಿನಲ್ಲಿದೆ. ಆರು, ಏಳು, ಎಂಟು ಇವೆಲ್ಲ ಅವರಿಗೆ ಇಳಿಜಾರಿನ ಮೆಟ್ಟಿಲು. ಅದಕ್ಕೇ ಹತ್ತು ಹತ್ತು ಗಜದ ವ್ಯತ್ಯಾಸ.

ಪುಟ್ಟಿಯ ಬೀಸು ಇನ್ನೂ ನಿಧಾನ. ಗಾಳಿಯ ಆಸರೆ ಸಾಲದು. ಕಡಿಮೆ ಓರೆಯ ಕೋಲಿನಲ್ಲಿ ಹೊಡೆದರೆ ಚೆಂಡು ವೇಗವಾಗಿಯೇ ಹೊರಡುತ್ತದೆ, ಆದರೆ ಏಳುವ ಮೊದಲೇ ಬೀಳುತ್ತದೆ. ಓರೆ ಹೆಚ್ಚಿಸಿದರೆ ವೇಗ ತುಸು ಇಳಿದರೂ ಎತ್ತರ ಸಿಗುತ್ತದೆ. ಲಾಭಕ್ಕೂ ನಷ್ಟಕ್ಕೂ ಸರಿಹೋಗಿ ದೂರ ಅಷ್ಟೇ ಉಳಿಯುತ್ತದೆ. ಅವಳ ನಾಲ್ಕು ಕೋಲೂ ಬೆಟ್ಟದ ನೆತ್ತಿಯ ಅಂಗಳದಲ್ಲೇ ನಿಂತಿದ್ದವು!

"ಅಂದ್ರೆ ನಾನು ಬೆಟ್ಟದ ಮೇಲಿದ್ದೀನಾ?" ಎಂದಳು.

"ಹೌದು. ನಿನ್ನ ಬೆಟ್ಟ ಸದ್ಯಕ್ಕೆ ಚಿಕ್ಕದು, ಅಷ್ಟೇ" ಎಂದೆ.

ಇನ್ನೊಂದು ಕಾರಣ ತರಬೇತುದಾರರು ತೋರಿಸಿಕೊಟ್ಟರು. ಮುಖಕ್ಕೆ ಹಚ್ಚುವ ಪೌಡರನ್ನು ಕೋಲಿನ ಮುಖಕ್ಕೆ ಬಳಿದು ಹೊಡೆಯಲು ಹೇಳಿದರು. ಚೆಂಡು ತಾಗಿದ ಕಡೆ ಗುರುತು ಬೀಳುತ್ತದೆ. ಎಂಟನೇ ನಂಬರಿನಲ್ಲಿ ಹತ್ತರಲ್ಲಿ ಏಳು ಗುರುತು ನಟ್ಟನಡುವೆ. ನಾಲ್ಕನೇ ನಂಬರಿನಲ್ಲಿ ಮೂರೇ ಮೂರು. ಉಳಿದವು ತುದಿಗೆ, ಬುಡಕ್ಕೆ, ಕೆಳ ಅಂಚಿಗೆ. ಕೋಲು ಉದ್ದವಾದಷ್ಟೂ ನಡುವಿಗೆ ತಾಗಿಸುವುದು ಕಷ್ಟ. ಗಿಡ್ಡ ಸೌಟಿನಲ್ಲಿ ಸಾರು ಬಡಿಸಿದಷ್ಟು ಸುಲಭವಾಗಿ ಉದ್ದ ಸೌಟಿನಲ್ಲಿ ಬಡಿಸಲು ಆದೀತೇ? ನಡು ತಪ್ಪಿದರೆ ವೇಗ ಸೋರಿಹೋಗುತ್ತದೆ. ಉದ್ದ ಕೋಲು ಕೊಡಬೇಕಾದ ದೂರವನ್ನು ತಪ್ಪಿದ ಪೆಟ್ಟು ಕಸಿದುಕೊಳ್ಳುತ್ತದೆ.

ಕೊನೆಯ ಕಾರಣ ಪುಟ್ಟಿಯೇ ಕಂಡುಹಿಡಿದಳು. ನಾನೂ ಒಂದು ಬುಟ್ಟಿ ಚೆಂಡು ಹೊಡೆಯಲಿ ಎಂದು ಅವಳು ಹಟ ಹಿಡಿದಳು. ಹೊಡೆದೆ. ಹಿಂದೆ ಕುಳಿತು ಈಗ ಅವಳು ಮೇಷ್ಟರು. "ತಾತ, ಒಂಬತ್ತರಲ್ಲಿ ಹೊಡೆಯುವಾಗ ನೀನು ಜೋರಾಗಿ ಬೀಸ್ತೀಯ. ನಾಲ್ಕರಲ್ಲಿ ಹೆದರಿಕೊಂಡು ಮೆಲ್ಲಗೆ ಬೀಸ್ತೀಯ!" ನಿಜ. ಗಿಡ್ಡ ಕೋಲು ದೂರ ಹೋಗದು ಎಂದು ಕೈ ತಾನೇ ಬಲ ಸೇರಿಸುತ್ತಿತ್ತು. ಉದ್ದ ಕೋಲು ಕೈತಪ್ಪೀತು ಎಂದು ತಾನೇ ಬಲ ಕಳೆಯುತ್ತಿತ್ತು. ಕೋಲುಗಳ ವ್ಯತ್ಯಾಸವನ್ನು ನನ್ನ ಕೈಯೇ ಅಳಿಸಿಹಾಕುತ್ತಿತ್ತು. ಮಾಡಬಾರದೆಂದುಕೊಂಡರೂ ಆಗುವ ಕೆಲಸ ಅದು.

ಈಗ ಎಲ್ಲವನ್ನೂ ಕೂಡಿಸಿ ನೋಡಿ. ಕಣ್ಣಿಗೆ ಕಾಣುವುದು ಒಂದೇ: ಚೆಂಡು ಅಲ್ಲಿಗೇ ಬೀಳುತ್ತದೆ. ಒಳಗಿನ ಕಾರಣ ನಾಲ್ಕು: ಹೊಂದದ ಓರೆ, ನಿಧಾನದ ಬೀಸು, ನಡು ತಪ್ಪಿದ ಪೆಟ್ಟು, ಕೈಯ ಹೆದರಿಕೆ. ಈ ನಾಲ್ಕರಲ್ಲಿ ಯಾವುದೂ 'ಮನಸ್ಸಿಲ್ಲ' ಎಂಬುದಲ್ಲ. ಮನಸ್ಸು ಪಾಪ ಅವಳಲ್ಲಿ ಬೇಕಾದಷ್ಟಿತ್ತು.

ಪುಟ್ಟಿಗೆ ಇನ್ನೊಂದು ಚಿಂತೆ ಉಳಿದಿತ್ತು. ದೂರ ಹೊಡೆಯದವರು ಗಾಲ್ಫ್ ಆಡಬಹುದೇ? ಅದಕ್ಕೆ ಉತ್ತರ ನಮ್ಮ ಊರಲ್ಲೇ ಇತ್ತು. ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ಹದಿನೆಂಟನೆಯ ವಯಸ್ಸಿಗೇ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದವರು. ಆಗ ಅವರ ಚೀಲ ಹೊತ್ತವರು ಅಪ್ಪ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀಲ ಹೊತ್ತವರು ಅಮ್ಮ. ಟೋಕಿಯೊದಲ್ಲಿ ಅದಿತಿ ಹೆಚ್ಚು ದೂರ ಹೊಡೆಯುವವರ ಸಾಲಿನಲ್ಲಿ ಇರಲಿಲ್ಲ. ಬೇರೆಯವರು ಗಿಡ್ಡ ಕೋಲು ಹಿಡಿಯುವ ಕಡೆ ಅವರು ಉದ್ದ ಕೋಲು ಹಿಡಿಯಬೇಕಾಗುತ್ತಿತ್ತು. ಆದರೂ ಕುಳಿಯ ಹತ್ತಿರ ಚೆಂಡನ್ನು ಉರುಳಿಸುವ ಕಲೆಯಲ್ಲಿ ಅವರದು ಎತ್ತಿದ ಕೈ. ನಾಲ್ಕು ದಿನದ ಆಟದ ಕೊನೆಗೆ ನಾಲ್ಕನೆಯವರಾದರು. ಕಂಚಿಗೆ ಒಂದೇ ಒಂದು ಹೊಡೆತ ಕಡಿಮೆಯಾಯಿತು. ಅಂದು ಎಷ್ಟೋ ಮನೆಗಳಲ್ಲಿ ಗಾಲ್ಫ್ ಗೊತ್ತಿಲ್ಲದವರೂ ಟಿ.ವಿ. ಮುಂದೆ ಕುಳಿತಿದ್ದರು. ನಮ್ಮ ಮನೆಯವಳೂ ಕುಳಿತಿದ್ದಳು, ಈಗ ಕೇಳಿದರೆ ಇಲ್ಲ ಎನ್ನುತ್ತಾಳೆ.

ತರಬೇತುದಾರರ ಸಲಹೆಯಂತೆ ಚೀಲ ಹಗುರ ಮಾಡಿದೆವು. ನಾಲ್ಕು, ಐದು, ಆರು ಹೊರಗೆ. ಅವುಗಳ ಬದಲಿಗೆ ಒಂದು 'ಹೈಬ್ರಿಡ್' ಬಂತು. ಅದರ ತಲೆ ಸ್ವಲ್ಪ ದಪ್ಪ, ತೂಕ ಕೆಳಗೆ, ನಿಧಾನವಾಗಿ ಬೀಸಿದರೂ ಚೆಂಡು ಮೇಲೇಳುತ್ತದೆ. ಈ ಸಲ ಚೌಕಾಸಿ ಮಾಡುವ ಮೊದಲು ಓರೆ ಅಳೆದೆ. ಅಂಗಡಿಯವರು ನನ್ನ ಕೋನಮಾಪಕ ನೋಡಿ ಏನೆಂದುಕೊಂಡರೋ.

ಎರಡು ತಿಂಗಳ ಮೇಲೆ ಮತ್ತೆ ಕೋಷ್ಟಕ ಬರೆದೆವು. ಹೈಬ್ರಿಡ್: 91 ಗಜ. ಏಳು: 83. ಎಂಟು: 75. ಒಂಬತ್ತು: 66. ಪುಟ್ಟಿ ಆ ಪುಟವನ್ನು ಹರಿದು ತನ್ನ ಓದುವ ಮೇಜಿನ ಮೇಲೆ ಅಂಟಿಸಿದ್ದಾಳೆ. ನೂರು ಮುಟ್ಟಿಲ್ಲ. ಆದರೆ ಮೆಟ್ಟಿಲಿದೆ. ಆರನೇ ನಂಬರನ್ನು ಬೀರುವಿನಲ್ಲಿಟ್ಟಿದ್ದೇವೆ, ಬೆಳೆಯುವ ಮಗುವಿಗೆಂದು ಉದ್ದ ಹೊಲಿಸಿದ ಲಂಗದ ಹಾಗೆ. ಅವಳ ಬೀಸು ಬೆಳೆದ ದಿನ ಅದು ಹೊರಗೆ ಬರುತ್ತದೆ.

ನನ್ನ ಬೀಸು ಇನ್ನು ಬೆಳೆಯುವುದಿಲ್ಲ. ಮೊನ್ನೆ ನಾನು ಏಳನೇ ನಂಬರಿನಲ್ಲಿ ಹೊಡೆದ ಚೆಂಡು ಪುಟ್ಟಿಯ ಚೆಂಡಿನ ಪಕ್ಕದಲ್ಲೇ ಹೋಗಿ ನಿಂತಿತು. "ಅರೆ! ನೀನೂ ನಾನೂ ಒಂದೇ ದೂರ ತಾತ!" ಎಂದು ಕುಣಿದಳು. ಒಬ್ಬಳು ಬೆಟ್ಟ ಹತ್ತುತ್ತಿರುವವಳು, ಒಬ್ಬ ಇಳಿಯುತ್ತಿರುವವನು. ನಡುವೆ ಒಂದು ಮೆಟ್ಟಿಲಿನಲ್ಲಿ ಜೊತೆಗೆ ನಿಂತಿದ್ದೇವೆ. ಮುಂದಿನ ವರ್ಷ ಅವಳ ಚೆಂಡು ನನ್ನದನ್ನು ದಾಟಿರುತ್ತದೆ. ದಾಟಲಿ, ನೋಡಲು ಹಿಂದೆ ಕುರ್ಚಿ ಇದೆ.

ಐದನೇ ನಂಬರ್ ನನ್ನ ವಾಕಿಂಗ್‌ಗೆ, ಬೀದಿನಾಯಿಗಳ ಎದುರು ಧೈರ್ಯಕ್ಕೆ. ನಾಲ್ಕನೇ ನಂಬರ್ ಎಲ್ಲಿ ಎಂದು ಹುಡುಕಿದರೆ ಹಿತ್ತಲಲ್ಲಿತ್ತು. ನಮ್ಮ ಮನೆಯವಳು ಅದರ ತಲೆಯನ್ನು ನುಗ್ಗೆಮರದ ಕೊಂಬೆಗೆ ಸಿಕ್ಕಿಸಿ ಕೆಳಗೆ ಬಗ್ಗಿಸುತ್ತಿದ್ದಳು. ನನ್ನನ್ನು ನೋಡಿ ನಾಚಿಕೊಳ್ಳದೆ ಕೇಳಿದಳು: "ನುಗ್ಗೆಕಾಯಿ ಕೀಳೋಕೆ ಎಷ್ಟು ಡಿಗ್ರಿ ಬೇಕು ಮೇಷ್ಟ್ರೇ?"

ಅಂತೂ ನಮ್ಮ ಮನೆಯಲ್ಲಿ ಈಗ ಎಲ್ಲರ ಕೈಯಲ್ಲೂ ಕ್ಲಬ್ಬೇ.